ಮೋಲ್, ಮೊಲ, ಇಲಿ: ಬ್ರಿಟನ್ನಿನ ಹಳ್ಳಿ ಮನೆಗೆ ಯಾವ ಬೋನು, ಯಾವ ಬಲೆ

ಇಲ್ಲಿನ ಹಳ್ಳಿಗೆ ಹೊಸದಾಗಿ ಬಂದ ಕನ್ನಡದವರು ಫೋನಿನಲ್ಲಿ ಹಿತ್ತಲ ಕಾಟದ ಮಾತು ಶುರುಮಾಡಿದರೆ ಮೊದಲ ಐದು ನಿಮಿಷ ಗೊಂದಲದಲ್ಲೇ ಕಳೆಯುತ್ತದೆ. "ಹಿತ್ತಲಲ್ಲಿ ಮೋಲ್ ಕಾಟ" ಅಂತ ಅವರು ಅಂದರೆ ನನಗೆ ಮೊಲದ ಕಾಟ ಅಂತ ಕೇಳಿಸುತ್ತದೆ. ಮೋಲ್ ಅಂದರೆ ನೆಲದಡಿ ಸುರಂಗ ತೋಡಿ ಬದುಕುವ ಪುಟ್ಟ ಪ್ರಾಣಿ. ಎರಡೂ ನೆಲ ತೋಡುವಂಥವೇ, ಎರಡೂ ಇಲ್ಲಿ ಬೇಕಾದಷ್ಟಿವೆ. ಆದರೆ ಒಂದಕ್ಕೆ ಮಾಡಿದ ಉಪಾಯ ಇನ್ನೊಂದಕ್ಕೆ ನಾಟುವುದಿಲ್ಲ. ಅದಕ್ಕೇ ನಾನು ಮೊದಲು ಕೇಳುವುದು, ನೆಲದಲ್ಲಿ ಏನು ಕಾಣುತ್ತಿದೆ ಎಂದು. ಹುಲ್ಲಿನ ನಡುವೆ ಸಾಲಾಗಿ ಮಣ್ಣಿನ ಗುಪ್ಪೆ ಎದ್ದಿದ್ದರೆ ಅದು ಮೋಲ್. ಎಳೆಗಿಡ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ತುಂಡಾಗಿ, ಕಡಲೆಕಾಳಿನಂಥ ಹಿಕ್ಕೆ ಚೆಲ್ಲಿದ್ದರೆ ಮೊಲ. ಕೋಳಿಗೂಡಿನ ಬುಡದಲ್ಲಿ ಮುಷ್ಟಿ ತೂರುವಷ್ಟು ಬಿಲವಿದ್ದು, ಬಿಲದಿಂದ ಗೋಡೆಯುದ್ದಕ್ಕೂ ಸವೆದ ದಾರಿ ಕಂಡರೆ ಇಲಿ.

ಎರಡನೆಯ ಪ್ರಶ್ನೆ ಇದಕ್ಕಿಂತ ಮುಖ್ಯ. ನಾಳೆ ಬೆಳಿಗ್ಗೆ ಹೋಗಿ ನೋಡುವವರು ಯಾರು?

ನಾನಿರುವುದು ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿ, ವೇಲ್ಸ್ ಗಡಿಯ ಅಂಚಿನಲ್ಲಿ. ಮನೆಯ ಹಿಂದಿನ ಗುಡ್ಡ ಹತ್ತಿ ಆಚೆಗಿಳಿದರೆ ವೇಲ್ಸ್. ಒಂದೂವರೆ ಎಕರೆ ಜಾಗ, ಹಳೆಯ ಸೇಬಿನ ಮರಗಳು, ಹನ್ನೆರಡು ಕೋಳಿ, ನಾಲ್ಕು ತರಕಾರಿ ಮಡಿ. ಇತ್ತೀಚಿನ ವರ್ಷಗಳಲ್ಲಿ ಪಟ್ಟಣ ಬಿಟ್ಟು ಹಳ್ಳಿ ಸೇರಿದ ಕನ್ನಡದ ಕುಟುಂಬಗಳು ನನಗೆ ಪರಿಚಯವಾಗಿವೆ. ಆಸ್ಪತ್ರೆಯ ಕೆಲಸದವರು, ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವರು. ಮೊದಲ ವಸಂತ ಬಂದ ಕೂಡಲೇ ಎಲ್ಲರಿಗೂ ಇದೇ ತಾಪತ್ರಯ. ಅಂಗಡಿಗೆ ಹೋದರೆ ಒಂದು ಕಪಾಟಿನ ತುಂಬ ಬೋನು, ಪಾಷಾಣ, ಕೀರಲು ಸದ್ದಿನ ಯಂತ್ರ. ಯಾವುದನ್ನು ಕೊಳ್ಳಬೇಕು?

ನಾನು ಎಲ್ಲವನ್ನೂ ಎರಡು ಪಾಲು ಮಾಡುತ್ತೇನೆ. ಇಟ್ಟವರು ಹೋಗಿ ನೋಡಲೇಬೇಕಾದವು ಒಂದು ಪಾಲು. ಇಟ್ಟವರು ಮರೆತು ಮಲಗಿದರೂ ತಮ್ಮ ಪಾಡಿಗೆ ಕೊಲ್ಲುತ್ತಲೇ ಇರುವಂಥವು ಇನ್ನೊಂದು. ಇಲ್ಲಿನ ಹಳಬರ ಉಪಾಯಗಳು ಹೆಚ್ಚಾಗಿ ಮೊದಲ ಪಾಲಿನವು, ನನ್ನ ಒಲವೂ ಅತ್ತಲೇ.

ಮೋಲ್

ಕನ್ನಡದಲ್ಲಿ ಇದಕ್ಕೆ ಮನೆಮಾತಿನ ಹೆಸರಿಲ್ಲ, ನಮ್ಮ ಕಡೆ ಈ ಪ್ರಾಣಿಯೇ ಇಲ್ಲವಲ್ಲ. ಇದನ್ನು ಹೆಗ್ಗಣದ ಜಾತಿ ಅಂದುಕೊಂಡೇ ಬಹಳ ಜನ ತಪ್ಪು ಮದ್ದು ತರುತ್ತಾರೆ. ಹೆಗ್ಗಣ ಕಾಳು ಕದಿಯುತ್ತದೆ, ಗೆಡ್ಡೆ ಕಡಿಯುತ್ತದೆ. ಮೋಲ್‌ಗೆ ನಿಮ್ಮ ಆಲೂಗೆಡ್ಡೆ ಬೇಕಿಲ್ಲ. ಅದು ಎರೆಹುಳು ತಿಂದು ಬದುಕುವ ಪ್ರಾಣಿ, ದಿನಕ್ಕೆ ತನ್ನ ತೂಕದ ಅರ್ಧದಷ್ಟು ತಿನ್ನುತ್ತದೆ. ಹೆಚ್ಚಿಗೆ ಸಿಕ್ಕಿದ ಹುಳುಗಳ ತಲೆ ಕಚ್ಚಿ, ಹರಿದುಹೋಗದ ಹಾಗೆ ಮಾಡಿ, ಜೀವಂತವಾಗಿ ಕೂಡಿಡುತ್ತದೆ. ನೂರು ಗ್ರಾಂ ಆಸುಪಾಸಿನ ಮೈ, ಸಲಿಕೆಯಂಥ ಅಂಗೈ. ತುಪ್ಪಳ ಹಿಂದಕ್ಕೂ ಮುಂದಕ್ಕೂ ಒಂದೇ ನಯ, ಹಾಗಾಗಿ ಇಕ್ಕಟ್ಟಿನ ಸುರಂಗದಲ್ಲಿ ತಿರುಗದೆ ಹಿಂದಕ್ಕೂ ಸರಿಯಬಲ್ಲದು. 1702ರಲ್ಲಿ ಮೂರನೆಯ ವಿಲಿಯಂ ದೊರೆ ಕುದುರೆಯಿಂದ ಬಿದ್ದು, ಅದೇ ನೆಪವಾಗಿ ತೀರಿಕೊಂಡ. ಕುದುರೆ ಎಡವಿದ್ದು ಮೋಲ್ ಗುಪ್ಪೆಗೆ ಎಂದು ಮಾತು ಹಬ್ಬಿತು. ದೊರೆಯನ್ನು ಕಂಡರಾಗದ ಜಾಕೊಬೈಟ್ ಪಕ್ಷದವರು ಅಲ್ಲಿಂದ ಮುಂದೆ "ಕಪ್ಪು ಮಖಮಲ್ಲು ತೊಟ್ಟ ಪುಟ್ಟ ಮಹನೀಯ"ನ ಹೆಸರಿನಲ್ಲಿ ಮದ್ಯದ ಬಟ್ಟಲೆತ್ತುತ್ತಿದ್ದರಂತೆ.

ಮೊದಲ ಆಯ್ಕೆ, ಏನೂ ಮಾಡದಿರುವುದು. ಇದನ್ನು ನಾನು ಮನಸಾರೆ ಹೇಳುತ್ತೇನೆ. ನಿಮ್ಮದು ಬರೀ ಹುಲ್ಲಿನಂಗಳವಾಗಿದ್ದು, ಗುಪ್ಪೆ ಕಣ್ಣಿಗೆ ಚೆಂದವಿಲ್ಲ ಅನ್ನುವಷ್ಟೇ ಕಾರಣವಾದರೆ ಬಿಟ್ಟುಬಿಡಿ. ಗುಪ್ಪೆಯ ಮಣ್ಣು ಜರಡಿ ಹಿಡಿದಷ್ಟು ಹುಡಿಯಾಗಿರುತ್ತದೆ, ನಾನು ಅದನ್ನೇ ಬಾಚಿ ಕುಂಡಗಳಿಗೆ ತುಂಬುತ್ತೇನೆ. ಕುರಿ ಸಾಕುವವರ ಕಷ್ಟ ಬೇರೆ. ಹುಲ್ಲು ಕೊಯ್ದು ಸೈಲೇಜ್, ಅಂದರೆ ಹುಳಿಬರಿಸಿ ಕೂಡಿಡುವ ಹಸಿ ಮೇವು, ಮಾಡುವಾಗ ಗುಪ್ಪೆಯ ಮಣ್ಣು ಬೆರೆತರೆ ಅದರೊಂದಿಗೆ ಲಿಸ್ಟೀರಿಯಾ ಸೋಂಕು ಕುರಿಗಳಿಗೆ ತಗಲುತ್ತದೆ. ಗುಪ್ಪೆಯ ಕಲ್ಲಿಗೆ ಕೊಯ್ಯುವ ಯಂತ್ರದ ಅಲಗು ಮುಕ್ಕಾಗುತ್ತದೆ. ಅಂಥವರು ಹಿಡಿಯಲೇಬೇಕು.

ಹಿಡಿಯುವುದಾದರೆ ಸುರಂಗದೊಳಗೆ ಕೂರಿಸುವ ಕತ್ತರಿಯೇ, ಅಂದರೆ ಸಿಡಿದು ಕೊಲ್ಲುವ ಬೋನೇ, ದಾರಿ. ಹಿಂದೆ ಇದು ಮರದ್ದೋ ಸುಟ್ಟ ಮಣ್ಣಿನದೋ ಒಂದು ಕೊಳವೆಯಾಗಿತ್ತು. ಒಳಗೆ ಕುದುರೆ ಕೂದಲಿನ ಕುಣಿಕೆ, ಮೇಲೆ ಬಗ್ಗಿಸಿ ನೆಲಕ್ಕೆ ನೆಟ್ಟ, ಹೇಜಲ್ ಎಂಬ ಗಿಡದ ಕೋಲು. ಮೋಲ್ ಒಳಗಿನ ಸಣ್ಣ ಬೆಣೆಯನ್ನು ತಳ್ಳಿದೊಡನೆ ಕೋಲು ಸೆಟೆದು ಕುಣಿಕೆ ಬಿಗಿಯುತ್ತಿತ್ತು. ಈಗ ಅದೇ ಕೆಲಸವನ್ನು ಲೋಹದ ಸ್ಪ್ರಿಂಗು ಮಾಡುತ್ತದೆ. ಅಂಗಡಿಯಲ್ಲಿ ಮೂರು ಬಗೆ ಸಿಗುತ್ತವೆ.

ಇಕ್ಕಳದ ಬಗೆಯದು ಎಲ್ಲಕ್ಕಿಂತ ಅಗ್ಗ. ಸಿಡಿದಾಗ ಮೇಲಿನ ಹಿಡಿಗಳೆರಡೂ ಅಗಲವಾಗಿ ತೆರೆದುಕೊಳ್ಳುವುದರಿಂದ ಅಡುಗೆಮನೆಯ ಕಿಟಕಿಯಿಂದಲೇ ಗೊತ್ತಾಗುತ್ತದೆ. ಹೊಸಬರಿಗೆ ಇದು ದೊಡ್ಡ ಅನುಕೂಲ. ಆದರೆ ಹಿಡಿ ನೆಲದ ಮೇಲೆ ಎದ್ದು ನಿಲ್ಲುವುದರಿಂದ ಕುರಿ ದನ ತುಳಿಯುವ ಜಾಗಕ್ಕೆ ಆಗದು. ತೀರ ಅಗ್ಗದವುಗಳ ಸ್ಪ್ರಿಂಗು ಸಡಿಲವಾಗಿರುತ್ತದೆ, ಅಂಥದ್ದು ಕೊಲ್ಲದೆ ಬರೀ ಹಿಡಿದಿಟ್ಟು ನರಳಿಸುತ್ತದೆ. ಕೈಯಲ್ಲಿ ಅದುಮಿ ನೋಡಿ ಕೊಳ್ಳಿ, ಸುಲಭವಾಗಿ ಅದುಮಿದರೆ ಬೇಡ.

ಅರ್ಧ ಪೀಪಾಯಿಯ ಆಕಾರದ್ದು ಹಳೆಯ ಕೊಳವೆಯ ನೇರ ವಾರಸುದಾರ, ಡಫಸ್ ಎಂಬ ಹೆಸರಿನಲ್ಲಿ ಬಳಕೆಯಲ್ಲಿದೆ. ಎರಡೂ ತುದಿಗೆ ಒಂದೊಂದು ಕುಣಿಕೆ ಇರುವುದರಿಂದ ಮೋಲ್ ಯಾವ ಕಡೆಯಿಂದ ಬಂದರೂ ಸರಿ. ಪೂರ್ತಿ ಮಣ್ಣಿನಲ್ಲಿ ಅಡಗುತ್ತದೆ. ಗಟ್ಟಿ ಮಣ್ಣಿನ, ಚೊಕ್ಕ ಸುರಂಗಕ್ಕೆ ನನ್ನ ಆಯ್ಕೆ ಇದೇ. ಟಾಲ್ಪೆಕ್ಸ್ ಅನ್ನುವುದು ಮೂರನೆಯದು, ಪಂಜದಂಥ ದವಡೆ. ಸಡಿಲ ಮಣ್ಣಿನಲ್ಲಿ ಹೂತಿಟ್ಟರೆ, ಕೆಟ್ಟ ದಾರಿಯನ್ನು ಸರಿಮಾಡಲು ಮೋಲ್ ತಳ್ಳಿದ ಮಣ್ಣೇ ಅದನ್ನು ಸಿಡಿಸುತ್ತದೆ. ಮರಳು ಮಣ್ಣಿನವರು, ಸುರಂಗ ಕುಸಿಯುವ ಮಡಿಯವರು ಇದನ್ನೇ ತರಬೇಕು. ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು.

ಬಗೆ ಯಾವುದಾದರೂ ಜಾಗ ತಪ್ಪಿದರೆ ಏನೂ ಸಿಗದು. ನನಗೆ ಇದನ್ನು ಕಲಿಸಿದವರು ಕೆಳಮನೆಯ ಹಿರಿಯರು, ಐವತ್ತು ವರ್ಷ ಸುತ್ತಲಿನ ತೋಟಗಳಲ್ಲಿ ಮೋಲ್ ಹಿಡಿದವರು. ಅವರು ಗುಪ್ಪೆಯ ಕಡೆ ತಿರುಗಿಯೂ ನೋಡುವುದಿಲ್ಲ. ಬೇಲಿಯ ಬುಡಕ್ಕೂ ಗುಪ್ಪೆಯ ಸಾಲಿಗೂ ನಡುವೆ ತೆಳ್ಳನೆಯ ಸರಳಿನಿಂದ ನೆಲ ಚುಚ್ಚುತ್ತಾ ಹೋಗುತ್ತಾರೆ. ಗಟ್ಟಿ, ಗಟ್ಟಿ, ಗಟ್ಟಿ, ಆಮೇಲೆ ಸರಳು ತಟ್ಟನೆ ನಾಲ್ಕು ಬೆರಳಷ್ಟು ಜಾರುತ್ತದೆ. ಅದೇ ದಾರಿ. ಅಲ್ಲಿ ಹುಲ್ಲು ಸಮೇತ ಒಂದು ಹೆಂಟೆ ಕತ್ತರಿಸಿ ಎತ್ತಿದರೆ, ಅಡಿಯಲ್ಲಿ ಹೆಬ್ಬೆರಳು ತೋರುಬೆರಳು ಸೇರಿಸಿ ಮಾಡಿದ ಉಂಗುರದಷ್ಟು ತೂತು. ನೆಲ ನಯವಾಗಿ ಸವೆದು ಹೊಳೆಯುತ್ತಿರಬೇಕು. ಹೊಳೆಯದಿದ್ದರೆ ಅದು ಬಿಟ್ಟ ದಾರಿ, ಹೆಂಟೆ ಮುಚ್ಚಿ ಮುಂದೆ ಹೋಗುತ್ತಾರೆ. ಕತ್ತರಿಯನ್ನು ಅದೇ ಮಣ್ಣಿನಲ್ಲಿ ಉಜ್ಜುತ್ತಾರೆ. ಹೊಸ ಕತ್ತರಿಯಾದರೆ ಎಣ್ಣೆಯ ವಾಸನೆ ಹೋಗಲು ವಾರಗಟ್ಟಲೆ ಹೂತಿಡುತ್ತಾರೆ. ಕೂರಿಸಿ, ಹೆಂಟೆ ಮುಚ್ಚಿ, ಬೆಳಕಿನ ಒಂದು ಗೆರೆಯೂ ಒಳಗಿಳಿಯದ ಹಾಗೆ ಬೆರಳಲ್ಲಿ ಮಣ್ಣು ತುಂಬುತ್ತಾರೆ. ನಾನು ಮೊದಲ ವರ್ಷ ಗುಪ್ಪೆಯನ್ನೇ ಅಗೆದು ಕತ್ತರಿ ಇಟ್ಟೆ. ಮೂರು ವಾರ ಒಂದೂ ಸಿಗಲಿಲ್ಲ.

ಇನ್ನು ಜೀವಂತ ಹಿಡಿಯುವ ಕೊಳವೆ. ಕೊಲ್ಲಲು ಮನಸ್ಸಿಲ್ಲದವರು ಮೊದಲು ಇದನ್ನೇ ಹುಡುಕುತ್ತಾರೆ, ನಾನೂ ಹಾಗೆಯೇ ಮಾಡಿದೆ. ಎರಡು ಕಡೆ ಒಳಕ್ಕೆ ಮಾತ್ರ ತೆರೆಯುವ ಬಾಗಿಲಿನ ಪ್ಲಾಸ್ಟಿಕ್ ಕೊಳವೆ. ಸಂಜೆ ಇಟ್ಟೆ, ಮರುದಿನ ರಜೆಯಾದ್ದರಿಂದ ತಡವಾಗಿ ಎದ್ದೆ. ಹತ್ತು ಗಂಟೆಗೆ ತೆಗೆದು ನೋಡಿದರೆ ಒಳಗೆ ಮೋಲ್ ಸತ್ತಿತ್ತು, ಮೂತಿ ಬಾಗಿಲಿಗೆ ಒತ್ತಿಕೊಂಡಿತ್ತು, ಅಂಗೈ ಎರಡೂ ಚಾಚಿದ್ದವು. ಕೆಲವು ಗಂಟೆ ಊಟವಿಲ್ಲದಿದ್ದರೆ ಅದು ಬದುಕುವುದಿಲ್ಲ. ಕತ್ತರಿಯಾಗಿದ್ದರೆ ಒಂದು ಕ್ಷಣದಲ್ಲಿ ಮುಗಿಯುತ್ತಿತ್ತು. ನಾನು ರಾತ್ರಿಯಿಡೀ ಹಸಿವಿಗೂ ಹೆದರಿಕೆಗೂ ಅದನ್ನು ಕೂಡಿಹಾಕಿದ್ದೆ. ಆ ಪುಟ್ಟ ಮೈಯ ಭಾರ ಇವತ್ತಿಗೂ ನನ್ನ ಕೈಗೆ ನೆನಪಿದೆ. 2006ರ ಪ್ರಾಣಿ ಕಲ್ಯಾಣ ಕಾಯ್ದೆಯ ಪ್ರಕಾರವೂ ಬೋನಿಗೆ ಬಿದ್ದ ಪ್ರಾಣಿ ನಿಮ್ಮ ಹೊಣೆ. ರಾತ್ರಿ ಸಮೇತ ಮೂರು ನಾಲ್ಕು ಗಂಟೆಗೊಮ್ಮೆ ಹೋಗಿ ನೋಡುವವರು ಮಾತ್ರ ಈ ಕೊಳವೆಯನ್ನು ಇಡಬಹುದು. ನನ್ನ ಪರಿಚಯದಲ್ಲಿ ಅಂಥವರು ಯಾರೂ ಇಲ್ಲ.

ವಿಷದ ಮಾತು ಚಿಕ್ಕದು. ಒಂದು ಕಾಲಕ್ಕೆ ಎರೆಹುಳುವಿಗೆ ಸ್ಟ್ರಿಕ್ನಿನ್ ಸವರಿ ಸುರಂಗಕ್ಕೆ ಹಾಕುತ್ತಿದ್ದರು. ನರಳಿಸಿ ಕೊಲ್ಲುವ ಆ ವಿಷಕ್ಕೆ 2006ರಲ್ಲಿ ತೆರೆಬಿತ್ತು, ಕತ್ತರಿಯ ಕಸುಬಿಗೆ ಮತ್ತೆ ಜೀವ ಬಂದಿದ್ದು ಆಮೇಲೆ. ಈಗ ಉಳಿದಿರುವುದು ಅಲ್ಯೂಮಿನಿಯಂ ಫಾಸ್ಫೈಡ್. ಮಣ್ಣಿನ ತೇವಕ್ಕೆ ಫಾಸ್ಫೀನ್ ಅನಿಲ ಬಿಡುವ ಈ ಗುಳಿಗೆ ಮನುಷ್ಯರನ್ನೂ ಕೊಲ್ಲುತ್ತದೆ. ತರಬೇತಿಯ ಪ್ರಮಾಣಪತ್ರವಿಲ್ಲದವರು ಕೊಳ್ಳುವಂತೆಯೂ ಇಲ್ಲ, ಬಳಸುವಂತೆಯೂ ಇಲ್ಲ. ದೊಡ್ಡ ಹೊಲದವರಿಗೆ ಅದು ಇರಲಿ, ಮನೆಯ ಹಿತ್ತಲಿಗೆ ಬೇಡವೇ ಬೇಡ. ಕೀರಲು ಸದ್ದಿನ ಕಡ್ಡಿಯನ್ನೂ ನೆಟ್ಟು ನೋಡಿದ್ದೇನೆ. ಒಂದು ಅಡಿ ದೂರದಲ್ಲೇ ಹೊಸ ಗುಪ್ಪೆ ಎದ್ದಿತು. ನುಸಿಗುಳಿಗೆ, ಡೀಸೆಲ್ ಮುಂತಾದ್ದನ್ನು ಸುರಿಯಲು ಹೇಳುವವರಿದ್ದಾರೆ. ಅನುಮೋದನೆಯಿಲ್ಲದ ವಸ್ತುವನ್ನು ಹೀಗೆ ಬಳಸುವುದು ಅಪರಾಧ, ಮಣ್ಣಿಗೂ ಹಾಳು.

ಮೊಲ

ಇಲ್ಲಿನ ಕಾಡುಮೊಲ ಮೂಲತಃ ಈ ನೆಲದ್ದಲ್ಲ. ಮಾಂಸಕ್ಕೂ ತುಪ್ಪಳಕ್ಕೂ ಎಂದು ನಾರ್ಮನ್ನರ ಕಾಲದಲ್ಲಿ ಹನ್ನೆರಡನೆಯ ಶತಮಾನದ ಹೊತ್ತಿಗೆ ದಿಬ್ಬ ಕಟ್ಟಿ ಸಾಕತೊಡಗಿದ್ದು, ಆಮೇಲೆ ದೇಶ ತುಂಬಿತು. 1953ರಲ್ಲಿ ಕೆಂಟ್ ಕಡೆಯಿಂದ ಹಬ್ಬಿದ ಮಿಕ್ಸೊಮಟೋಸಿಸ್ ರೋಗ ಎರಡೇ ಮೂರು ವರ್ಷದಲ್ಲಿ ನೂರಕ್ಕೆ 99ರಷ್ಟನ್ನು ಬಲಿ ತೆಗೆದುಕೊಂಡಿತು. ಕಣ್ಣು ಬಾತು, ಕುರುಡಾಗಿ ರಸ್ತೆಯಲ್ಲಿ ಕೂತ ಮೊಲಗಳನ್ನು ಕೆಳಮನೆಯ ಹಿರಿಯರು ಬಾಲ್ಯದಲ್ಲಿ ಕಂಡಿದ್ದರು. ಅವರ ತಂದೆ ಆಮೇಲೆ ಮೊಲದ ಮಾಂಸವನ್ನೇ ಮುಟ್ಟಲಿಲ್ಲವಂತೆ. ರೋಗವನ್ನು ಬೇಕೆಂದೇ ಹರಡುವುದು 1954ರ ಪೀಡೆ ಕಾಯ್ದೆಯಲ್ಲಿ ಅಪರಾಧವಾಯಿತು. ಅದೇ ಕಾಯ್ದೆಯ ಫಲವಾಗಿ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 1958ರ ಜುಲೈ ಅಂತ್ಯಕ್ಕೆ ಜಿನ್ ಟ್ರ್ಯಾಪ್ ನಿಂತಿತು. ಹಲ್ಲಿರುವ ದವಡೆಯಲ್ಲಿ ಕಾಲು ಕಚ್ಚಿ ಹಿಡಿಯುವ, ಕೊಲ್ಲದೆ ಬೆಳಗಿನವರೆಗೆ ಕಿರುಚಿಸುವ ಕತ್ತರಿ ಅದು. ವುಲ್ವರ್‌ಹ್ಯಾಂಪ್ಟನ್ ಪಕ್ಕದ ವೆಡ್ನೆಸ್‌ಫೀಲ್ಡ್ ಎಂಬ ಊರಿನಲ್ಲಿ ಮನೆಮನೆಯಲ್ಲೂ ಅದನ್ನು ಮಾಡುತ್ತಿದ್ದರು. ಈಗಲೂ ಹಳೆಯ ವಸ್ತುಗಳ ಸಂತೆಯಲ್ಲಿ ತುಕ್ಕು ಹಿಡಿದದ್ದು ಸಿಗುತ್ತದೆ. ಗೋಡೆಗೆ ತೂಗಿಹಾಕಬಹುದು, ನೆಲಕ್ಕೆ ಇಟ್ಟರೆ ಅಪರಾಧ.

ಈ ನಿಷೇಧದಿಂದ ನಮ್ಮ ಗಡಿಸೀಮೆಗೆ ಆದ ಒಂದು ಉಪಕಾರವನ್ನು ಹೇಳದೆ ಮುಂದೆ ಹೋಗಲಾರೆ. ಪೋಲ್‌ಕ್ಯಾಟ್ ಎಂಬ, ಮುಖಕ್ಕೆ ಕಪ್ಪು ಪಟ್ಟಿ ಕಟ್ಟಿಕೊಂಡಂತಿರುವ ಬೇಟೆಪ್ರಾಣಿ ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಮಧ್ಯ ವೇಲ್ಸ್‌ನ ಸುತ್ತಮುತ್ತ ಬಿಟ್ಟರೆ ಹೆಚ್ಚುಕಡಿಮೆ ಅಳಿದೇಹೋಗಿತ್ತು. ಜಿನ್ ಟ್ರ್ಯಾಪ್ ಹೋದ ಮೇಲೆ ಅದು ಗುಡ್ಡ ದಾಟಿ ಶ್ರಾಪ್‌ಶೈರ್‌ಗೆ, ಅಲ್ಲಿಂದ ಮುಂದಕ್ಕೆ ಮರಳಿ ಹರಡುತ್ತಿದೆ. ಅದರ ಮುಖ್ಯ ಆಹಾರ ಮೊಲ ಮತ್ತು ಇಲಿ. ನಾವು ತಪ್ಪು ಆಯ್ಕೆ ಮಾಡಿದರೆ ಮೊದಲು ಕಳೆದುಕೊಳ್ಳುವುದು ಇದನ್ನು.

ಮೊಲಕ್ಕೆ ನನ್ನ ಮೊದಲ ಉತ್ತರ ಬೇಲಿ. ದುಬಾರಿ ಅನ್ನಿಸುತ್ತದೆ, ಆದರೆ ಒಮ್ಮೆ ಹಾಕಿದರೆ ವರ್ಷಗಟ್ಟಲೆ ಚಿಂತೆಯಿಲ್ಲ, ಯಾವ ಜೀವವನ್ನೂ ಕೊಲ್ಲಬೇಕಿಲ್ಲ. 31 ಮಿಲಿಮೀಟರ್ ಕಣ್ಣಿನ ಆರುಮೂಲೆಯ ತಂತಿಬಲೆ ತನ್ನಿ, ಇದಕ್ಕಿಂತ ದೊಡ್ಡ ಕಣ್ಣಾದರೆ ಮರಿಗಳು ತೂರುತ್ತವೆ. ನೆಲದ ಮೇಲೆ 90 ಸೆಂಟಿಮೀಟರ್ ಎತ್ತರ ಇರಲಿ. ಬುಡದ 15 ಸೆಂಟಿಮೀಟರನ್ನು ಹೊರಕ್ಕೆ, ಮೊಲ ಬರುವ ಕಡೆಗೆ ಮಡಿಸಿ, ಹುಲ್ಲಿನ ಹೆಂಟೆ ಹೊದಿಸಿ. ಮೊಲ ತೋಡಲು ಶುರುಮಾಡುವುದು ಬೇಲಿಯ ಬುಡದಲ್ಲೇ. ಕಾಲಡಿಯಲ್ಲಿ ಬಲೆ ಸಿಕ್ಕರೆ ಹಿಂದೆ ಸರಿದು ತೋಡುವ ಬುದ್ಧಿ ಅದಕ್ಕಿಲ್ಲ. ಮಡಿಸದೆ ನೇರ ಹೂತ ಬೇಲಿಗಳು ಸೋಲುವುದು ಇದಕ್ಕೇ. ಗೇಟಿನ ಕೆಳಗಿನ ಸಂದಿ ಮರೆಯಬೇಡಿ.

ಜಾಗ ದೊಡ್ಡದಾಗಿ, ಬಿಲ ನಿಮ್ಮ ಜಮೀನಿನೊಳಗೇ ಇದ್ದರೆ ಫೆರೆಟ್ ತರಿಸಬಹುದು. ನೋಡಲು ನಮ್ಮ ಮುಂಗುಸಿಯ ಹಾಗಿದ್ದರೂ ಅದು ಪೋಲ್‌ಕ್ಯಾಟ್‌ನ ಪಳಗಿದ ಸಂತತಿ. ಬಿಲದ ಪ್ರತಿ ಬಾಯಿಗೂ ದಾರ ಎಳೆದರೆ ಮುಚ್ಚಿಕೊಳ್ಳುವ ಚೀಲದಂಥ ಬಲೆ ಹರಡಿ, ಹೆಣ್ಣು ಫೆರೆಟ್ಟನ್ನು ಒಳಗೆ ಬಿಡುತ್ತಾರೆ. ಆಮೇಲೆ ಯಾರೂ ಮಾತಾಡುವುದಿಲ್ಲ. ನೆಲದೊಳಗಿಂದ ಗುಡುಗಿದಂತೆ ಒಂದು ಧಡ್ ಸದ್ದು ಬರುತ್ತದೆ, ಅದು ಮೊಲ ಹಿಂಗಾಲು ಬಡಿಯುವುದು. ಮರುಕ್ಷಣ ಬಲೆ ಚೆಂಡಿನ ಹಾಗೆ ಗಂಟುಕಟ್ಟಿ ಉರುಳುತ್ತದೆ. ಪಕ್ಕದಲ್ಲೇ ಇರುವ ಮನುಷ್ಯ ಕೂಡಲೇ ಅದರ ಕುತ್ತಿಗೆ ಮುರಿಯುತ್ತಾನೆ. ಬೇರೆ ಪ್ರಾಣಿ ಸಿಕ್ಕಿಬಿದ್ದರೆ ಬಿಡಿಸಿ ಕಳಿಸುತ್ತಾನೆ. ಮಾಂಸ ಊಟಕ್ಕಾಗುತ್ತದೆ. ಎಲೆ ಉದುರಿದ ಮೇಲೆ, ನವೆಂಬರ್‌ನಿಂದ ಫೆಬ್ರವರಿಯೊಳಗೆ ಇದರ ಕಾಲ. ಬೇಸಿಗೆಯಲ್ಲಿ ಬಿಲದ ಬಾಯಿಗಳು ಗಿಡದಲ್ಲಿ ಮುಚ್ಚಿರುತ್ತವೆ, ಒಳಗೆ ಮರಿಗಳಿರುತ್ತವೆ. ಫೆರೆಟ್ ಒಳಗೇ ಮರಿ ತಿಂದು ಮಲಗಿಬಿಟ್ಟರೆ ಅಗೆದು ತೆಗೆಯಬೇಕು. ಅದಕ್ಕೇ ಈಗ ಕೊರಳಿಗೆ ಸಂಕೇತ ಕಳಿಸುವ ಪಟ್ಟಿ ಕಟ್ಟುತ್ತಾರೆ.

ಸ್ಪ್ರಿಂಗ್ ಕತ್ತರಿಯೂ ಉಂಟು, ಫೆನ್ ಮಾರ್ಕ್ 6 ಹೆಸರಾದದ್ದು. ಮೊಲಕ್ಕೆ ಇಡುವುದಾದರೆ ಬಿಲದ ಒಳಗೇ ಇಡಬೇಕು, ಬಯಲಲ್ಲಿ ಇಡುವಂತಿಲ್ಲ. ಬ್ಯಾಡ್ಜರ್ ಎಂಬ, ಬಿಲದಲ್ಲಿ ವಾಸಿಸುವ ಕಾಡುಪ್ರಾಣಿ ಓಡಾಡುವ ಕಡೆ ನಾನು ಇದನ್ನು ಯಾರಿಗೂ ಹೇಳುವುದಿಲ್ಲ.

ಉರುಳಿನ ವಿಷಯಕ್ಕೆ ಬಂದರೆ ನನ್ನ ಮನಸ್ಸು ಗಟ್ಟಿ. ತಂತಿಯ ಉರುಳು ಇಲ್ಲಿ ಶತಮಾನಗಳ ಬಳಕೆ, ಅಗ್ಗ, ಹಗುರ. ಆದರೆ ಅದಕ್ಕೆ ಕಣ್ಣಿಲ್ಲ. ಕರ್ನಾಟಕದಲ್ಲಿ ಕಾಡುಹಂದಿಗೆಂದು ಕಟ್ಟಿದ ಉರುಳಿಗೆ ಚಿರತೆ ಸಿಕ್ಕಿ ಸೊಂಟ ಸೀಳಿಕೊಂಡು ಸತ್ತ ಸುದ್ದಿ ಓದಿಯೇ ಬೆಳೆದವಳು ನಾನು. ಇಲ್ಲಿ ಬ್ಯಾಡ್ಜರ್, ಸಾಕುಬೆಕ್ಕು, ಕುರಿಮರಿಗಳಿಗೆ ಅದೇ ಗತಿ. ವೇಲ್ಸ್ 2023ರ ಅಕ್ಟೋಬರ್‌ನಲ್ಲಿ ಉರುಳನ್ನು ಪೂರ್ತಿ ನಿಷೇಧಿಸಿತು, ಸ್ಕಾಟ್ಲೆಂಡ್ 2024ರ ನವೆಂಬರ್‌ನಲ್ಲಿ. ಇದನ್ನು ಬರೆಯುವ ಹೊತ್ತಿಗೆ ಇಂಗ್ಲೆಂಡಿನಲ್ಲಿ ಅಂಥ ಪೂರ್ಣ ನಿಷೇಧ ಬಂದಿಲ್ಲ. ತಾನಾಗಿ ಬಿಗಿಯುತ್ತಾ ಹೋಗುವ ಉರುಳು ಮಾತ್ರ 1981ರಿಂದ ನಿಷಿದ್ಧ, ಉಳಿದದ್ದನ್ನು ದಿನವೂ ಹೋಗಿ ನೋಡಬೇಕು. ಹಾಗಾಗಿ ನನ್ನ ಹಿತ್ತಲ ಗುಡ್ಡದ ಈಚೆ ಒಂದು ಕಾನೂನು, ಆಚೆ ಇನ್ನೊಂದು. ಗುಡ್ಡದ ಈಚೆಗೂ ನಾನು ಬೇಡ ಅನ್ನುತ್ತೇನೆ.

ಇಲಿ

ಅಜ್ಜಿ ಮನೆಯ ಅಟ್ಟದಲ್ಲಿ ಮರದ ಬೋನಿಗೆ ಕೊಬ್ಬರಿ ಚೂರನ್ನು ದೀಪದ ಕುಡಿಗೆ ಹಿಡಿದು, ಅಂಚು ಕಪ್ಪಾಗಿ ಎಣ್ಣೆ ಜಿನುಗಿದ ಮೇಲೆ ಸಿಕ್ಕಿಸುತ್ತಿದ್ದರು. ವಾಸನೆಗೆ ಇಲಿ ಅದೇ ರಾತ್ರಿ ಬರುತ್ತಿತ್ತು. ಇಲ್ಲಿ ಕಡಲೆಕಾಯಿ ಬೆಣ್ಣೆ ಅದೇ ಕೆಲಸ ಮಾಡುತ್ತದೆ. ಆದರೆ ಇಲ್ಲಿನ ಕಂದು ಇಲಿ ಬಲು ಗುಮಾನಿಯ ಪ್ರಾಣಿ. ಹೊಸ ವಸ್ತು ಕಂಡರೆ ದಿನಗಟ್ಟಲೆ ಹತ್ತಿರ ಸುಳಿಯದು. ಚಿಕ್ಕ ಜಾತಿಯ ಇಲಿಗೆ, ಅಂದರೆ ಮೌಸ್‌ಗೆ, ಈ ಹೆದರಿಕೆ ಇಲ್ಲ, ಅದು ಮೊದಲ ರಾತ್ರಿಯೇ ಮೂಗು ತೂರಿಸುತ್ತದೆ. ದೊಡ್ಡದಕ್ಕೆ ಕತ್ತರಿಯನ್ನು ಸಿಡಿಯದ ಹಾಗೆ ಇಟ್ಟು ಐದಾರು ದಿನ ತಿನ್ನಲು ಬಿಡಿ, ಆಮೇಲೆ ಒಂದೇ ರಾತ್ರಿ ನಾಲ್ಕೈದು ಕತ್ತರಿ ಹೂಡಿ.

ಇಲಿಯಲ್ಲಿ ಆಯ್ಕೆಯ ಪ್ರಶ್ನೆ ಎಂದರೆ ಕತ್ತರಿಯೋ ಪಾಷಾಣವೋ ಎಂಬುದೇ. ಪಾಷಾಣದ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಇಲ್ಲಿಗೆ ಬಂದ ಮೊದಲ ಚಳಿಗಾಲ ನೀಲಿ ಬಿಲ್ಲೆಗಳನ್ನು ತಂದು ಡಬ್ಬಿಯೊಳಗಿಟ್ಟೆ. ನಾಲ್ಕನೆಯ ದಿನ ಹಾಡಹಗಲಲ್ಲಿ ಅಂಗಳದ ನಡುವೆ ಒಂದು ಇಲಿ ಕೂತಿತ್ತು. ನಾನು ಹತ್ತಿರ ಹೋದರೂ ಓಡಲಿಲ್ಲ. ಮೂಗಿನ ತುದಿಯಲ್ಲಿ ಒಂದು ಹನಿ ರಕ್ತ. ಕೋಳಿಗಳು ಕುತೂಹಲದಿಂದ ಅದರ ಸುತ್ತ ನಿಂತಿದ್ದವು. ಆಮೇಲೆ ಓದಿ ತಿಳಿದೆ: ಈ ವಿಷಗಳು ರಕ್ತ ಹೆಪ್ಪುಗಟ್ಟಲು ಬೇಕಾದ ಕೆ ಜೀವಸತ್ವದ ಚಕ್ರವನ್ನು ತಡೆಯುತ್ತವೆ, ಸಾಯಲು ದಿನಗಳೇ ಹಿಡಿಯುತ್ತವೆ. ಅಷ್ಟು ದಿನ ಇಲಿ ನಿಧಾನವಾಗಿ, ಬಯಲಲ್ಲಿ, ಯಾರ ಬಾಯಿಗಾದರೂ ಸಿಗುವ ಹಾಗೆ ಓಡಾಡುತ್ತಿರುತ್ತದೆ. ಪರೀಕ್ಷೆ ಮಾಡಿದ ಸತ್ತ ಕಣಜ ಗೂಬೆಗಳಲ್ಲಿ ಹೆಚ್ಚಿನವುಗಳ ಯಕೃತ್ತಿನಲ್ಲಿ ಈ ವಿಷದ ಅಂಶ ಸಿಗುತ್ತಿದೆ, ಪೋಲ್‌ಕ್ಯಾಟ್‌ಗಳಲ್ಲೂ ಸಿಕ್ಕಿದೆ. ಕನ್ನಡದಲ್ಲಿ ಆ ಗೂಬೆಯ ಹೆಸರಿನಲ್ಲೇ ಕಣಜವಿದೆ, ಕಾಳು ಕಾಯುವ ಹಕ್ಕಿ ಅದು. ಅದರ ಹೊಟ್ಟೆಗೆ ನಾವು ವಿಷ ತಲುಪಿಸುತ್ತಿದ್ದೇವೆ.

ಪರಿಣಾಮವಾದರೂ ಖಾತ್ರಿಯೇ? ನಮ್ಮ ಕಡೆ ಅದೂ ಇಲ್ಲ. ವಾರ್ಫರಿನ್ ಎಂಬ ಹಳೆಯ ಇಲಿಪಾಷಾಣಕ್ಕೆ ಜಗ್ಗದ ಇಲಿಗಳು ಮೊದಲು ಕಂಡದ್ದು 1958ರಲ್ಲಿ ಸ್ಕಾಟ್ಲೆಂಡಿನಲ್ಲಿ. ಸುಮಾರು 1960ರ ಹೊತ್ತಿಗೆ ಇಲ್ಲೇ ಗಡಿಯ ವೆಲ್ಷ್‌ಪೂಲ್ ಸುತ್ತ ಕಂಡವು. ಸುತ್ತಲೂ ವಲಯ ಹಾಕಿ ತಡೆಯಲು ನೋಡಿದರು, ಆಗಲಿಲ್ಲ. ಹಾಗಾಗಿಯೇ ಇನ್ನೂ ತೀಕ್ಷ್ಣವಾದ, ದೇಹದಲ್ಲಿ ಇನ್ನೂ ಹೆಚ್ಚು ಕಾಲ ಉಳಿಯುವ ವಿಷಗಳು ಬಂದವು. ಬ್ರೊಮಾಡಿಯೊಲೋನ್, ಡೈಫೆನಾಕೂಮ್‌ಗಳನ್ನು ಕಟ್ಟಡದಿಂದ ದೂರದ ಬಯಲಲ್ಲಿ ಬಳಸುವುದು 2024ರ ಕೊನೆಗೆ ನಿಂತಿದೆ. ಕಟ್ಟಡದ ಒಳಗೂ ಪಕ್ಕದಲ್ಲೂ ಈಗಲೂ ಬಳಸಬಹುದು. ದೊಡ್ಡ ಕೊಟ್ಟಿಗೆ, ಕಾಳಿನ ಗೋದಾಮು ಇರುವವರು ಬೇರೆ ದಾರಿ ಕಾಣದೆ ಹಾಕುವುದನ್ನು ನಾನು ಬಲ್ಲೆ. ಹಾಕಿದರೆ ದಿನವೂ ಸುತ್ತಾಡಿ ಸತ್ತದ್ದನ್ನು ಹೆಕ್ಕಬೇಕು, ಕೆಲಸ ಮುಗಿದ ದಿನ ಉಳಿದ ಬಿಲ್ಲೆಗಳನ್ನು ಎತ್ತಿಡಬೇಕು. ನಾಯಿ ತಿಂದರೆ ಕೂಡಲೇ ಪಶುವೈದ್ಯರ ಬಳಿ ಒಯ್ಯಿರಿ, ಬೇಗ ಕೆ1 ಜೀವಸತ್ವ ಕೊಟ್ಟರೆ ಉಳಿಯಬಹುದು.

ನಾನು ಈಗ ಮಾಡುವುದು ಇಷ್ಟು. ಕೋಳಿ ಕಾಳು ತಗಡಿನ ಡಬ್ಬಿಯಲ್ಲಿ, ಸಂಜೆ ಉಳಿದ ತಿನಿಸು ಒಳಕ್ಕೆ. ಹೆಬ್ಬೆರಳು ತೂರುವ ಯಾವ ಕಂಡಿಗೂ ಗಟ್ಟಿ ತಂತಿಬಲೆ ಮತ್ತು ಗಾರೆ. ಇದರಿಂದಲೇ ಮುಕ್ಕಾಲು ಪಾಲು ಕಾಟ ತಗ್ಗಿತು. ಉಳಿದದ್ದಕ್ಕೆ ಗೋಡೆಯುದ್ದಕ್ಕೂ ಹಲಗೆಯ ಸುರಂಗ, ಒಳಗೆ ಕತ್ತರಿ. ಸುರಂಗದ ಬಾಯಿಯನ್ನು ಇಲಿಯಷ್ಟಕ್ಕೆ ಕಿರಿದು ಮಾಡಿದ್ದೇನೆ, ಹೆಡ್ಜ್‌ಹಾಗ್ ಎಂಬ ಮುಳ್ಳುಮೈಯ ಪುಟ್ಟ ಪ್ರಾಣಿಯಾಗಲಿ ಪೋಲ್‌ಕ್ಯಾಟ್ ಆಗಲಿ ತೂರಬಾರದು. ಫೆನ್ ಮಾರ್ಕ್ 4 ಇಲಿಗೆ ಇನ್ನೂ ಊರ್ಜಿತ. ಸ್ಟೋಟ್ ಎಂಬ ಪ್ರಾಣಿಗೆ ಮಾತ್ರ 2020ರ ಏಪ್ರಿಲ್‌ನಿಂದ ಅದನ್ನು ಇಡುವಂತಿಲ್ಲ, ಹಳೆಯ ಪುಸ್ತಕ ನೋಡಿ ಇಡುವವರು ಗಮನಿಸಿ.

ಟೆರಿಯರ್ ನಾಯಿಗಳ ಬಗ್ಗೆಯೂ ಕೇಳುತ್ತಾರೆ. ಹಿಂದೆ ಬಣವೆ ಕೆಡವಿ ಗೋಧಿ ಬಡಿಯುವ ದಿನ ಸುತ್ತ ತಂತಿಬಲೆ ಕಟ್ಟಿ ನಾಯಿ ಬಿಡುತ್ತಿದ್ದರು, ಕೆಲಸದವರು ಇಲಿ ನುಗ್ಗದ ಹಾಗೆ ಮೊಣಕಾಲ ಕೆಳಗೆ ಪ್ಯಾಂಟಿಗೆ ಹುರಿ ಬಿಗಿಯುತ್ತಿದ್ದರು. 2004ರ ಬೇಟೆ ಕಾಯ್ದೆಯಲ್ಲೂ ಜಮೀನಿನವರ ಒಪ್ಪಿಗೆಯಿದ್ದರೆ ಇಲಿಗೂ ಮೊಲಕ್ಕೂ ನಾಯಿ ಬಳಸಲು ವಿನಾಯಿತಿ ಇದೆ. ಪಳಗಿದ ನಾಯಿ ಒಂದೇ ಕೊಡಹಿಗೆ ಮುಗಿಸುತ್ತದೆ, ವಿಷದ ಅಂಜಿಕೆ ಇಲ್ಲ. ಹಳೆಯ ಕೊಟ್ಟಿಗೆ ಖಾಲಿ ಮಾಡುವ ದಿನಕ್ಕೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಅಂಟಿನ ಹಲಗೆ ಮಾತ್ರ ಯಾರೂ ತರಬೇಡಿ. ವೇಲ್ಸ್‌ನಲ್ಲಿ 2023ರಿಂದ ನಿಷೇಧ. ಇಂಗ್ಲೆಂಡಿನಲ್ಲಿ 2024ರ ಜುಲೈ 31ರಿಂದ ಪರವಾನಗಿ ಇರುವ ವೃತ್ತಿಯವರ ಹೊರತು ಯಾರಿಗೂ ಇಲ್ಲ. ಊರಿನಿಂದ ಬರುವಾಗ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಂದವರನ್ನು ನೋಡಿದ್ದೇನೆ, ಅದಕ್ಕೇ ಹೇಳಿದೆ.

ಬೂದು ಅಳಿಲು

ಇದಕ್ಕೆ ಎರಡೇ ಮಾತು. 1876ರಲ್ಲಿ ಚೆಷೈರ್‌ನ ಹೆನ್‌ಬರಿ ಪಾರ್ಕ್‌ನಲ್ಲಿ ಅಮೆರಿಕದಿಂದ ತಂದು ಬಿಟ್ಟದ್ದು, ಈಗ ಎಳೆಮರಗಳ ತೊಗಟೆ ಸುಲಿಯುತ್ತದೆ. ಬೋನಿನಲ್ಲಿ ಹಿಡಿದು ದೂರದ ಕಾಡಿಗೆ ಬಿಟ್ಟುಬಂದರಾಯಿತು ಎಂದು ನಮ್ಮವರು ಅಂದುಕೊಳ್ಳುತ್ತಾರೆ. ಹಿಡಿದ ಬೂದು ಅಳಿಲನ್ನು ಮತ್ತೆ ಬಿಡುವುದು ಅಪರಾಧ, ಕೂಡಲೇ ನೋವಿಲ್ಲದಂತೆ ಕೊಲ್ಲಬೇಕು. ನೀರಲ್ಲಿ ಮುಳುಗಿಸುವುದೂ ಅಪರಾಧವೇ. ಕೈಯಾರೆ ಆ ಕೆಲಸ ಮಾಡಲಾಗದವರು ಬೋನು ಇಡಬಾರದು. ಮನೆಯ ಸೂರಿಗೆ ನುಗ್ಗುತ್ತಿದ್ದರೆ ಕಂಡಿ ಮುಚ್ಚಿಸಿ, ಮುಚ್ಚುವ ಮೊದಲು ಒಳಗೆ ಮರಿಯೋ ಬಾವಲಿಯೋ ಇದೆಯೇ ನೋಡಿಸಿ. ಬಾವಲಿ ಸಂರಕ್ಷಿತ ಪ್ರಾಣಿ.

ಕಸುಬಿನವರನ್ನು ಕರೆಯುವುದಾದರೆ

ಕೆಲಸಕ್ಕೆ ಹೋಗಿ ರಾತ್ರಿ ಬರುವವರು, ವಾರಗಟ್ಟಲೆ ಊರಲ್ಲಿಲ್ಲದವರು ಸ್ವಂತಕ್ಕೆ ಇಡುವುದಕ್ಕಿಂತ ಹಿಡಿಯುವವರನ್ನು ಕರೆಯುವುದು ಲೇಸು. ಮೋಲ್‌ಗೆ ತಲೆಗಿಷ್ಟು ಎಂದು ಕೊಡುವ ಪದ್ಧತಿ ಹಳೆಯದು. ಒಂದು ಕಾಲಕ್ಕೆ ಪ್ಯಾರಿಷ್‌ಗಳೇ, ಅಂದರೆ ಚರ್ಚಿನ ಸುತ್ತಲಿನ ಊರಾಡಳಿತಗಳೇ, ಊರಿನ ಪರವಾಗಿ ಮೋಲ್ ಹಿಡಿಯುವವನನ್ನು ಗೊತ್ತುಮಾಡಿ ದುಡ್ಡು ಕೊಡುತ್ತಿದ್ದವು. ಗುಡ್ಡದ ಕಡೆ ಈಗಲೂ ಮುಳ್ಳುತಂತಿಗೆ ಮೋಲ್‌ಗಳನ್ನು ಸಾಲಾಗಿ ಸಿಕ್ಕಿಸಿರುವುದನ್ನು ಕಂಡರೆ ಬೆಚ್ಚಬೇಡಿ, ಅದು ಹೊಲದೊಡೆಯನಿಗೆ ಲೆಕ್ಕ ಒಪ್ಪಿಸುವ ರೀತಿ. ಬಂದವರನ್ನು ನಾನು ಮೂರು ಕೇಳುತ್ತೇನೆ. ಎಷ್ಟು ದಿನಕ್ಕೊಮ್ಮೆ ಬಂದು ನೋಡುತ್ತೀರಿ? ಬೇರೆ ಪ್ರಾಣಿ ಬೀಳದ ಹಾಗೆ ಏನು ಮಾಡುತ್ತೀರಿ? ಕೆಲಸ ಮುಗಿದ ಮೇಲೆ ಎಷ್ಟು ಕತ್ತರಿ ಇಟ್ಟಿದ್ದಿರಿ, ಎಷ್ಟು ತೆಗೆದಿರಿ ಎಂದು ಎಣಿಸಿ ತೋರಿಸುತ್ತೀರಾ? ಕೆಳಮನೆಯ ಹಿರಿಯರು ಪ್ರತಿ ಕತ್ತರಿಯ ಪಕ್ಕ ಬಿಳಿ ತುದಿಯ ಕಡ್ಡಿ ನೆಡುತ್ತಾರೆ, ಹೋಗುವಾಗ ಕಡ್ಡಿ ಎಣಿಸಿ ಜೇಬಿಗಿಡುತ್ತಾರೆ. ಇನ್ನೊಬ್ಬರು "ವಾರಕ್ಕೊಮ್ಮೆ ಬಂದರೆ ಸಾಕು" ಅಂದಾಗ ನಾನು ಚಹಾ ಕೊಟ್ಟು ಕಳಿಸಿದೆ.

ಕರೆಯುವುದನ್ನು ಫೆಬ್ರವರಿಯೊಳಗೇ ಮುಗಿಸಿ. ಆಗ ನೆಲ ಮೆತ್ತಗಿರುತ್ತದೆ, ಹುಲ್ಲು ಗಿಡ್ಡವಾಗಿದ್ದು ದಾರಿ ಕಾಣುತ್ತದೆ, ಮೋಲ್ ಇನ್ನೂ ಮರಿ ಹಾಕಿರುವುದಿಲ್ಲ. ಮಾರ್ಚ್‌ನಲ್ಲಿ ಕುರಿಗಳು ಈಯಲು ಶುರುವಾದರೆ ಈ ಕಸುಬಿನವರಲ್ಲಿ ಅರ್ಧ ಜನ ಕೊಟ್ಟಿಗೆಯಲ್ಲೇ ರಾತ್ರಿ ಕಳೆಯುತ್ತಾರೆ, ಫೋನಿಗೂ ಸಿಗುವುದಿಲ್ಲ.